ಮಾಳಿಗೆ ಮನೆಯ ತಂಪು

1687ರಲ್ಲಿ ಮೊಗಲರ ಸುಬಾ ಕೇಂದ್ರವಾದ ಶಿರಾದಲ್ಲಿ ದಿಲಾವರ್ ಖಾನ್ ಕಟ್ಟಿಸಿದ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂಬ ಮಾತಿದೆ. ಆ ಅರಮನೆ ಹಾಳಾಯಿತು. ಜನಸಾಮಾನ್ಯರ ಮಣ್ಣಿನ ಮಾಳಿಗೆ ಮನೆಗಳು ಮಾತ್ರ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಬಹುಕಾಲ ಬಾಳಿದವು.

ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ಈ ಸೀಮೆಗೆ ಸಮತಟ್ಟಾದ ಸೂರು ಒಗ್ಗಿತು. ಕಂಬದ ಮೇಲೆ ತೊಲೆ, ಜಂತೆ. ಅವುಗಳ ಮೇಲೆ ಕಡ್ಡಿ, ಸೊಪ್ಪು, ಮಣ್ಣು. ಕೊನೆಗೆ ಚೌಳು ಮಣ್ಣಿನ ಪದರ. ಚೌಳಿನ ಸೋಡಿಯಂ ಅಂಶದಿಂದ ಜೇಡಿ ಉಬ್ಬಿ ಸಂದುಗಳು ಮುಚ್ಚಿಕೊಳ್ಳುವುದರಿಂದ ನೀರು ಸುಲಭವಾಗಿ ಇಳಿಯದು. ದಪ್ಪ ಮಣ್ಣು ಬಿಸಿಲ ಝಳವನ್ನು ತಡೆಯುತ್ತದೆ. ಒಳಗೆ ದೀಪಕ್ಕೊಂದು ಗೂಡು, ನೆಲಕ್ಕೆ ಸಗಣಿ ಸಾರಣೆ, ಕೂರಲು ಕುರುಬರು ನೇಯ್ದ ಕಂಬಳಿ. ಹೊರಗೆ ಬಂದವರಿಗೆ ಜಗಲಿ.

ಈ ಸುಖ ಪುಕ್ಕಟೆ ಸಿಗುತ್ತಿರಲಿಲ್ಲ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹೊರಬೇಕಿತ್ತು. ಅಲಕ್ಷಿಸಿದರೆ ಸೋರಿಕೆ, ಗೆದ್ದಲು. ಜಡಿಮಳೆ ಹಿಡಿದರೆ ಗೋಡೆ ಕುಸಿಯುವ ಭಯ. ಮಣ್ಣು ಹೊರುವ ಕೈಗಳು ಕಡಿಮೆಯಾದಂತೆ ಜನ ಆರ್‌ಸಿಸಿಗೆ ಒಲಿದದ್ದು ಸಹಜವೇ.

ಆದರೆ ತೆಳು ಕಾಂಕ್ರೀಟು ಹಗಲೆಲ್ಲ ಕಾದು, ರಾತ್ರಿ ಒಳಗೆ ಸೆಕೆ ಇಳಿಸುತ್ತದೆ. ಇಂದು ಹಳೆಯ ಕಂಬಳಿ, ಕಂಬಗಳಿಂದ ಮನೆ ಸಿಂಗರಿಸುವವರು ಮೊದಲು ನೆತ್ತಿಯ ಮೇಲಿನ ಸೂರಿನತ್ತ ನೋಡುವುದು ಒಳಿತು.