ಕಣ್ಣಿಗೆ ಕಾಣದ ಪ್ರತಿ: ಧ್ವನಿಮುದ್ರಣ ಮತ್ತು ಕೃತಿಸ್ವಾಮ್ಯ

ಹಸ್ತಪ್ರತಿಗಳೊಡನೆ ವ್ಯವಹರಿಸುವವರಿಗೆ ‘ಪ್ರತಿ’ ಎಂದರೆ ಕಣ್ಣಿನಿಂದ ಓದಬಹುದಾದ ವಸ್ತು. ಓಲೆಯಾಗಲಿ, ಕಾಗದವಾಗಲಿ, ಅಚ್ಚಿನ ಪುಟವಾಗಲಿ, ಅದು ಅಕ್ಷರಕ್ಕೆ ಆಶ್ರಯ. ಕೃತಿಸ್ವಾಮ್ಯದ ಕಾನೂನೂ ಬಹುಕಾಲ ಇದೇ ಗ್ರಹಿಕೆಯನ್ನು ನಚ್ಚಿಕೊಂಡಿತ್ತು. ಕನ್ನಡದಲ್ಲಿ ಅದಕ್ಕೆ ‘ಗ್ರಂಥಸ್ವಾಮ್ಯ’ ಎಂಬ ಹೆಸರೂ ಬಳಕೆಗೆ ಬಂದಿತು. ಯಂತ್ರವು ಧ್ವನಿಯನ್ನೇ ಪುನರುತ್ಪಾದಿಸತೊಡಗಿದಾಗ ಈ ಗ್ರಹಿಕೆ ಬಿರುಕು ಬಿಟ್ಟಿತು. ಭಾರತದ ಕಾನೂನಿನಲ್ಲಿ ಆ ಬಿರುಕು 1995ರವರೆಗೂ ಮುಚ್ಚಲಿಲ್ಲ. ಹಾಡಿನ ಮೂಲಕ ಉಳಿದುಬಂದ ಸಾಹಿತ್ಯವನ್ನು ಅಭ್ಯಸಿಸುವ ನಮಗೆ ಇದು ಕೇವಲ ವಕೀಲರ ವಿಷಯವೆನಿಸಲಾರದು.

ಪ್ರಶ್ನೆ ಸ್ಪಷ್ಟವಾಗಿ ಮೂಡಿದ್ದು ಅಮೆರಿಕದಲ್ಲಿ. ತೂತು ಕೊರೆದ ಕಾಗದದ ಸುರುಳಿಯನ್ನು ತೊಡಿಸಿದರೆ ತಾನೇ ನುಡಿಯುವ ಪಿಯಾನೋ ಅಲ್ಲಿ ಮನೆಮಾತಾಗಿತ್ತು. ಆಡಂ ಗೈಬೆಲನ ಎರಡು ಹಾಡುಗಳನ್ನು ಅಪೊಲೊ ಸಂಸ್ಥೆ ಸುರುಳಿಗೆ ಇಳಿಸಿದಾಗ, ಅವುಗಳ ಪ್ರಕಾಶಕರಾದ ವೈಟ್-ಸ್ಮಿತ್ ಸಂಸ್ಥೆ ಮೊಕದ್ದಮೆ ಹೂಡಿತು. ಸುರುಳಿಯನ್ನು ಯಾರೂ ಸ್ವರಲಿಪಿಯಂತೆ ಓದಲಾರರು, ಅದು ಯಂತ್ರದ ಒಂದು ಭಾಗ, ಆದ್ದರಿಂದ ಅದು ಪ್ರತಿಯಲ್ಲ ಎಂದು 1908ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ತೀರ್ಪಿಗೆ ಸಮ್ಮತಿಸಿದ ನ್ಯಾಯಮೂರ್ತಿ ಹೋಮ್ಸರಿಗೂ ಸಮಾಧಾನವಿರಲಿಲ್ಲ. ಅದೇ ನಾದವಿನ್ಯಾಸವನ್ನು ಮರಳಿ ಕೇಳಿಸುವುದೆಲ್ಲ ತತ್ತ್ವತಃ ಪ್ರತಿಯೇ ಎಂಬುದು ಅವರ ಭಾವನೆ. ಮರುವರ್ಷದ ಕಾಯ್ದೆ ಒಂದು ಪ್ರತಿಗೆ ಎರಡು ಸೆಂಟ್ ಗೌರವಧನವನ್ನು ಗೊತ್ತುಪಡಿಸಿತು. 1911ರ ಬ್ರಿಟಿಷ್ ಕಾಯ್ದೆ ಯಾಂತ್ರಿಕ ಪುನರುತ್ಪಾದನೆಯನ್ನೂ ಕರ್ತೃವಿನ ಹಕ್ಕಿನೊಳಗೆ ತಂದಿತು. ಜೊತೆಗೆ ಮೂಲ ಅಚ್ಚುತಟ್ಟೆಯ ಒಡೆಯನಿಗೆ ಧ್ವನಿಮುದ್ರಿಕೆಯ ಮೇಲೆ ಪ್ರತ್ಯೇಕ ಸ್ವಾಮ್ಯವನ್ನು ಕೊಟ್ಟಿತು. 1914ರಲ್ಲಿ ಅದೇ ವ್ಯವಸ್ಥೆ ಭಾರತಕ್ಕೂ ಬಂದಿತು.

ಅಷ್ಟರಲ್ಲಿ ಇಲ್ಲಿ ಯಂತ್ರ ಬಂದು ಹನ್ನೆರಡು ವರ್ಷಗಳಾಗಿದ್ದವು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನರ ಗಾಯನವನ್ನು ಮುದ್ರಿಸಿಕೊಂಡು, ತಟ್ಟೆಗಳನ್ನು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚೊತ್ತಲಾಯಿತು. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂಬುದು ಅದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. ನಮ್ಮ ‘ಅಂಕಿತ’ ಇಲ್ಲಿ ನೆನಪಾಗದಿರದು. ಕೂಡಲಸಂಗಮದೇವ, ಪುರಂದರವಿಠಲ ಎಂಬ ಅಂಕಿತಗಳು ದೈವದ ಹೆಸರಾಗಿದ್ದುಕೊಂಡೇ ಕರ್ತೃವಿನ ಗುರುತನ್ನು ಕಂಠದಿಂದ ಕಂಠಕ್ಕೆ ಸಾಗಿಸಿದವು. ಆದರೆ ಅಂಕಿತ ಸ್ವಾಮ್ಯದ ಘೋಷಣೆಯಲ್ಲ. ಗೌಹರ್ ಜಾನರ ಘೋಷಣೆಯೂ ಅವರಿಗೆ ಕಾನೂನಿನ ಹಕ್ಕನ್ನೇನೂ ತರಲಿಲ್ಲ. 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಅವರು 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಸ್ವತಂತ್ರ ಭಾರತದ 1957ರ ಕಾಯ್ದೆಯಾದರೂ ಇದನ್ನು ಸರಿಪಡಿಸಬಹುದಿತ್ತು. ಅದು ಸಂಗೀತಕೃತಿಯೆಂದರೆ ಮುದ್ರಿತವಾದ, ಬರೆಹಕ್ಕಿಳಿದ ಅಥವಾ ಬೇರಾವುದೇ ಲಿಪಿರೂಪ ಪಡೆದ ರಾಗಸಂಯೋಜನೆ ಎಂದು ನಿರೂಪಿಸಿತು. ಮತ್ತೆ ಕಣ್ಣೇ ಪ್ರಮಾಣ! ದಾಸರ ಪದಗಳ ಹಸ್ತಪ್ರತಿಗಳನ್ನು ನೋಡಿದವರಿಗೆ ಇದರ ಅಸಂಗತತೆ ಕೂಡಲೇ ತಿಳಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ರಾಗತಾಳಗಳ ಹೆಸರಿರುತ್ತದೆಯೇ ಹೊರತು ಸ್ವರಗಳಿರುವುದಿಲ್ಲ. ಇಂದು ನಾವು ಕೇಳುವ ಎಷ್ಟೋ ಧಾಟಿಗಳು ಈಚಿನ ಗಾಯಕರು ಕೂಡಿಸಿದವು. ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನೂ ಪುಣೆಯಲ್ಲಿ ನೆಲೆಸಿದ್ದ ಭೀಮಸೇನ ಜೋಶಿಯವರು ದಾಸರ ಪದಗಳನ್ನೂ ಹಾಡಿದರು. ಹಾಗೆ ಧಾಟಿ ಕೂಡಿಸಿದಾತ ಸ್ವರ ಬರೆದಿಡದಿದ್ದರೆ, ಈ ನಿರೂಪಣೆಯ ಪ್ರಕಾರ ಆತನ ಕೃತಿಯೇ ಇಲ್ಲ. ಅದನ್ನು ತಟ್ಟೆಗೆ ಇಳಿಸಿದವನಿಗೆ ಮಾತ್ರ ಸ್ವಾಮ್ಯವುಂಟು. ಬರೆದವನಿಗೆ ದೊರೆಯುವ ಮಾನ್ಯತೆ ಹಾಡಿದವನಿಗೆ ಇಲ್ಲವೆಂಬ ಕೊರತೆಯನ್ನು 1977ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಂದು ತೀರ್ಪಿಗೆ ಜೋಡಿಸಿದ ಟಿಪ್ಪಣಿಯಲ್ಲಿ ಎತ್ತಿ ಹೇಳಿದರು. ಸಂಸತ್ತು ಕಿವಿಗೊಡಲು ಹದಿನೇಳು ವರ್ಷ ಬೇಕಾಯಿತು. 1994ರ ತಿದ್ದುಪಡಿ ಲಿಪಿಯ ಷರತ್ತನ್ನು ತೆಗೆದುಹಾಕಿ, ಗಾಯಕರಿಗೆ ಪ್ರದರ್ಶಕರ ಹಕ್ಕನ್ನೂ ನೀಡಿತು. 1995ರ ಮೇ 10ರಂದು ಅದು ಜಾರಿಗೆ ಬಂದಿತು.

ಸಂಶೋಧಕರಿಗೆ ಇದರಲ್ಲೊಂದು ಕೆಲಸ ಉಳಿದಿದೆ. ಧ್ವನಿಮುದ್ರಿಕೆಯ ಸ್ವಾಮ್ಯ ಪ್ರಕಟಣೆಯ ಮರುವರ್ಷದಿಂದ 60 ವರ್ಷಗಳಿಗೆ ಮುಗಿಯುವುದರಿಂದ, 1930ರ ದಶಕದ ದೇವರನಾಮದ ತಟ್ಟೆಗಳು ಮುದ್ರಿಕೆಯ ಮಟ್ಟಿಗೆ ಎಂದೋ ಮುಕ್ತವಾಗಿವೆ. ನಾನು ಬಳಸುತ್ತ ಬಂದಿರುವ ದಾಸಸಾಹಿತ್ಯದ ಸಂಪಾದನೆಗಳು ಓಲೆಯ ಪಾಠಾಂತರಗಳನ್ನು ಶ್ರದ್ಧೆಯಿಂದ ಕೊಡುತ್ತವೆ. ತಟ್ಟೆಯಲ್ಲಿ ಹಾಡಿದ ಪಾಠವನ್ನು, ಬಿಟ್ಟ ನುಡಿಯನ್ನು, ಬದಲಾದ ರಾಗವನ್ನು ಅವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಮುಂಬಯಿಯ ಚೋರ್ ಬಜಾರಿನಲ್ಲಿ ಹಳೆಯ ಅರಗಿನ ತಟ್ಟೆಗಳು ಈಗಲೂ ಮಾರಾಟಕ್ಕಿರುತ್ತವೆ. ಕನ್ನಡದವು ದೊರೆತರೆ ಅವನ್ನೂ ಒಂದೊಂದು ಪ್ರತಿಯೆಂದೇ ಎಣಿಸಿ, ತಟ್ಟೆಯ ಸಂಖ್ಯೆ ಮತ್ತು ಗಾಯಕರ ಹೆಸರಿನೊಡನೆ ಪ್ರತಿಗಳ ಪಟ್ಟಿಗೆ ಸೇರಿಸಬೇಕು.