ಪದವಿನಿಂದ ವಿದ್ಯಾನಗರಕ್ಕೆ

ಮುರಕಲ್ಲಿನ ಬೋಳು ನೆಲಕ್ಕೆ ನಮ್ಮ ಸೀಮೆಯಲ್ಲಿ ಪದವು ಎಂದು ಹೆಸರು. ಮಳೆಗಾಲದಲ್ಲಿ ಅಲ್ಲಿ ಮುಳಿಹುಲ್ಲು, ಮಲೆಯಾಳಿಗಳು ಕಾಕ್ಕಪ್ಪೂವ್ ಎನ್ನುವ ನೀಲಿ ಹೂವು. ಬೇಸಗೆಯಲ್ಲಾದರೋ ಕಾದ ಕಾವಲಿ. ಈ ಕಲ್ಲಿಗೆ ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಶಬ್ದದಿಂದ 'ಲ್ಯಾಟರೈಟ್' ಎಂಬ ಹೆಸರನ್ನು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಕೊಟ್ಟವನು ಫ್ರಾನ್ಸಿಸ್ ಬುಕನನ್. ನಮ್ಮ ಹಿರಿಯರಿಗೆ ಹೆಸರಿಗಿಂತ ಉಪಯೋಗ ಮುಖ್ಯವಾಗಿತ್ತು. ಅವರು ಅದನ್ನು ಕಡಿದು ಮನೆ ಕಟ್ಟಿದರು; ಗುಡ್ಡದ ಮಗ್ಗುಲನ್ನು ಅಡ್ಡಲಾಗಿ ಕೊರೆದು, ಸುರಂಗದಿಂದ ತೋಟಕ್ಕೆ ನೀರಿಳಿಸಿದರು. ಆದರೆ ಪದವಿನ ನೆತ್ತಿಯ ಮೇಲೆ ಸಂಸಾರ ಹೂಡುವ ಆಸೆ ಯಾರಿಗಿದ್ದೀತು? ಬದುಕೆಲ್ಲ ಕೆಳಗೆ, ಅಡಕೆ ತೆಂಗುಗಳ ನೆರಳಿನಲ್ಲಿ.

ಕಾಸರಗೋಡು ಪೇಟೆಯ ಹೊರಗಣ ಇಂತಹ ಒರಟು ನೆಲವೇ ಇಂದಿನ ವಿದ್ಯಾನಗರ.

1956ರ ನವೆಂಬರ್ 1ರಂದು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಡಿದು ಕೇರಳಕ್ಕೆ ಸೇರಿತು. ಅಲ್ಲಿಯವರೆಗೆ ಕಾಲೇಜು ಓದುವ ಹುಡುಗರಿಗೆ ಮಂಗಳೂರೇ ಗತಿ. ಅಲ್ಲಿ 1880ರಿಂದ ಸಂತ ಅಲೋಶಿಯಸ್ ಕಾಲೇಜು ಇತ್ತು. ಮರುವರ್ಷವೇ, 1957ರಲ್ಲಿ, ಕಾಸರಗೋಡಿಗೊಂದು ಸರ್ಕಾರಿ ಕಾಲೇಜು ದೊರೆಯಿತು. ಅದು ನೆಲೆಯೂರಿದ ಜಾಗದ ಹೆಸರೇ ಮಿಕ್ಕ ಕಥೆಯನ್ನು ಹೇಳುತ್ತದೆ. ಕಾಲೇಜು ಕೇರಳ, ಕಲ್ಲಿಕೋಟೆ, ಕಣ್ಣೂರು ವಿಶ್ವವಿದ್ಯಾಲಯಗಳ ಮೂರು ಮನೆಗಳನ್ನು ಕಂಡಿತು. ಅಲ್ಲಿನ ಕನ್ನಡ ವಿಭಾಗ ಮಾತ್ರ ಗಡಿನಾಡಿನ ಅಧ್ಯಾಪಕರನ್ನೂ ಲೇಖಕರನ್ನೂ ರೂಪಿಸುತ್ತ ಬಂತು. ಮುರಕಲ್ಲಿನ ಮೇಲೆಯೇ ಕುಳಿತು ಭೂವಿಜ್ಞಾನವನ್ನು ಕಲಿಸುವ ಸೌಕರ್ಯವೂ ಇಲ್ಲಿದೆಯೆಂಬುದು ಸ್ವಾರಸ್ಯ.

1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಕಲೆಕ್ಟರರ ಕಚೇರಿ, ನ್ಯಾಯಾಲಯಗಳು ಇಲ್ಲಿಗೇ ಬಂದುವು. ಬೇಡವಾಗಿದ್ದ ನೆಲಕ್ಕೆ ಬೆಲೆ ಬಂತು. ಹೆದ್ದಾರಿಯ ಇಕ್ಕೆಲಗಳಲ್ಲಿ ಗಾಜಿನ ಮುಖದ ಅಂಗಡಿಗಳು ಎದ್ದುವು. 2025ರಲ್ಲಿ ನಗರಸಭೆಯ ಕ್ರೀಡಾಂಗಣದ ರಸ್ತೆಗೆ ಸುನಿಲ್ ಗಾವಸ್ಕರರ ಹೆಸರಿಟ್ಟರು. ಇಡಲಿ, ಆಟಗಾರ ದೊಡ್ಡವನೇ. ಆದರೆ ಮೊಣಕಾಲೂರಿ, ಹಣತೆಯ ಬೆಳಕಿನಲ್ಲಿ ಸುರಂಗ ತೋಡಿದವರ ಹೆಸರು ಈ ಜಿಲ್ಲೆಯ ಯಾವ ರಸ್ತೆಗಿದೆಯೆಂದು ಕೇಳಬೇಕೆನಿಸುತ್ತದೆ.

ಪೈವಳಿಕೆಯಿಂದಲೋ ಎಣ್ಮಕಜೆಯಿಂದಲೋ ಬರುವ ರೈತನಿಗೆ ವಿದ್ಯಾನಗರವೆಂದರೆ ಕಾಲೇಜಲ್ಲ, ಅಂಗಡಿಯಲ್ಲ. ಕೈಯಲ್ಲಿ ಅರ್ಜಿ ಹಿಡಿದು ಹತ್ತುವ ಮೆಟ್ಟಿಲು. 1969ರ ಕೇರಳ ಅಧಿಕೃತ ಭಾಷಾ ಶಾಸನವು ಕನ್ನಡಿಗನು ತನ್ನ ಭಾಷೆಯಲ್ಲಿಯೇ ಸರ್ಕಾರದೊಡನೆ ವ್ಯವಹರಿಸಬಹುದೆಂದಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರತಕ್ಕದ್ದೆಂದೂ ಅದರಲ್ಲಿ ಬರೆದಿದೆ. ಅರ್ಜಿ ಕೊಡುವವನು ಇದನ್ನು ತಿಳಿದೇ ಮೆಟ್ಟಿಲು ಹತ್ತುವುದು ಒಳ್ಳೆಯದು.