ಲಿಚ್: ಬಾಗಿಲಲ್ಲಿ ಉಳಿದ ಮಾತು

ಇಂಗ್ಲೆಂಡಿನ ಹಳ್ಳಿ ಚರ್ಚಿಗೆ ಹೋದರೆ ಮೊದಲು ಎದುರಾಗುವುದು ಅಂಗಳದ ಹೆಬ್ಬಾಗಿಲು. ಹಲವೆಡೆ ಅದು ಬರೀ ಗೇಟಲ್ಲ. ಓಕ್ ಮರದ ದಪ್ಪ ಕಂಬಗಳು, ಮೇಲೆ ಹೆಂಚಿನದೋ ಹುಲ್ಲಿನದೋ ಮಾಡು, ಕೆಲವಕ್ಕೆ ಇಬ್ಬದಿಯಲ್ಲೂ ಕೂರಲು ಜಗಲಿ. ವಾರಿಕ್‌ಷೈರಿನ ಲಾಂಗ್ ಕಾಂಪ್ಟನ್‌ನಲ್ಲಂತೂ ಒಂದು ಪುಟ್ಟ ಹುಲ್ಲುಮನೆಯೇ ಬಾಗಿಲ ಮೇಲೆ ಕೂತಿದೆ. ಅದರ ಕೆಳಮನೆಯನ್ನು ತೆಗೆದು ಜನ ಹಾಯಲು ದಾರಿ ಮಾಡಿದ್ದಾರೆ. ಇಂಥ ಬಾಗಿಲಿಗೆ ಲಿಚ್‌ಗೇಟ್ ಎಂದು ಹೆಸರು. ಲಿಚ್ ಎಂದರೆ ಹೆಣ.

ಹೊತ್ತು ತಂದ ಹೆಣವನ್ನು ಇಲ್ಲಿ ಇಳಿಸಿ ಪಾದ್ರಿಗಾಗಿ ಕಾಯುತ್ತಿದ್ದರು. ಪಾದ್ರಿ ಅಂಗಳದ ಬಾಗಿಲಿಗೇ ಬಂದು ಶವವನ್ನು ಎದುರುಗೊಳ್ಳಬೇಕೆಂದು 1662ರ ಪ್ರಾರ್ಥನಾ ಪುಸ್ತಕ ವಿಧಿಸುತ್ತದೆ. ಆ ಊರಿನ ಮಳೆ ಗೊತ್ತಿದ್ದವರಿಗೆ ಮಾಡು ಯಾಕೆಂದು ಹೇಳಬೇಕಿಲ್ಲ. ಹೊತ್ತವರು ಬರುತ್ತಿದ್ದ ದಾರಿಯೂ ಸಣ್ಣದಲ್ಲ. ಡಾರ್ಟ್‌ಮೂರ್ ಬಯಲಿನ ಒಂಟಿಮನೆಗಳವರು ಹಳ್ಳ ಕೆಸರು ದಾಟಿ ಲಿಡ್‌ಫರ್ಡ್ ಚರ್ಚಿನವರೆಗೂ ಹೆಣ ಹೊರಬೇಕಿತ್ತು. 1260ರಲ್ಲಿ ಬಿಷಪ್ ಕನಿಕರಿಸಿ, ದೂರದವರು ಹತ್ತಿರದ ವಿಡಿಕೂಂಬ್ ಚರ್ಚಿಗೇ ಹೋಗಬಹುದೆಂದು ಅಪ್ಪಣೆ ಕೊಟ್ಟ. ಲಿಡ್‌ಫರ್ಡಿಗೆ ಹೋಗುವ ಆ ಹಳೆಯ ದಾರಿಗೆ ಇಂದಿಗೂ ಲಿಚ್ ವೇ ಎಂದೇ ಹೆಸರು.

ಆದರೆ ಈ ಪದ ಹುಟ್ಟಾ ಹೆಣವಾಗಿರಲಿಲ್ಲ. ಹಳೆಯ ಇಂಗ್ಲಿಷಿನ ‘ಲೀಚ್’ಗೆ ಮೈ, ಆಕಾರ ಎಂಬ ಅರ್ಥವೂ ಇತ್ತು, ಜೀವ ಇದ್ದರೂ ಸರಿ, ಹೋಗಿದ್ದರೂ ಸರಿ. ದಿನ ಕಳೆದಂತೆ ಬದುಕಿರುವ ಮೈಯನ್ನು ‘ಬಾಡಿ’ ವಹಿಸಿಕೊಂಡಿತು, ಲ್ಯಾಟಿನ್ ಮೂಲದ ‘ಕಾರ್ಪ್ಸ್’ ಬಂದು ಹೆಣವನ್ನೂ ಕಸಿದುಕೊಂಡಿತು. ಲಿಚ್‌ಗೆ ಉಳಿದದ್ದು ಬಾಗಿಲು, ದಾರಿಗಳಷ್ಟೇ. ಜರ್ಮನ್ನಿನ ‘ಲೈಶೆ’, ಡಚ್ಚಿನ ‘ಲೈಕ್’ ಇದರ ಒಡಹುಟ್ಟುಗಳು. ಅಲ್ಲೂ ಮೈ ಹೋಗಿ ಹೆಣ ಉಳಿದಿದೆ. ನಮ್ಮಲ್ಲಿ ಆದದ್ದೂ ಇದೇ. ಸಾವಿನ ಮನೆಯ ಮುಂದೆ ನಿಂತು ‘ಬಾಡಿ ಎಷ್ಟೊತ್ತಿಗೆ ಬರುತ್ತಂತೆ?’ ಎಂದು ಕೇಳುವವರು ಬದುಕಿರುವವರ ಮೈಗೆ ಆ ಮಾತು ಬಳಸುವುದು ಅಪರೂಪ.

ಲಿಚ್ ಸತ್ತಿತೆಂದುಕೊಂಡರೆ ಮೋಸ ಹೋದೆವು. ಅದು ವೇಷ ಮರೆಸಿಕೊಂಡು ವ್ಯಾಕರಣದೊಳಗೆ ನುಸುಳಿದೆ. ‘ಫ್ರೆಂಡ್ಲಿ’ಯ ಬಾಲದಲ್ಲಿರುವ ‘ಲಿ’ ಇದೇ: ಗೆಳೆಯನ ಆಕಾರವುಳ್ಳದ್ದು. ‘ಸ್ಲೋಲಿ’, ‘ಡೇಲಿ’ಗಳ ಬಾಲವೂ ಅದೇ. ಇಂಗ್ಲಿಷಿನ ‘ಲೈಕ್’ ಕೂಡ ಅದೇ ಬೇರಿನದು. ‘ವಿಚ್’, ‘ಸಚ್’ ಎಂಬ ಸಣ್ಣ ಮಾತುಗಳ ಕೊನೆಯ ‘ಚ್’ ಕೂಡ ಅದರ ಚೂರು. ಎಂಥ ಆಕಾರದ್ದು, ಅಂಥ ಆಕಾರದ್ದು ಎಂಬುದು ಮೂಲದ ಅರ್ಥ. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಆಡುವಷ್ಟರಲ್ಲಿ ಲಿಚ್ ಒಮ್ಮೆಯಾದರೂ ಬಾಯಿಗೆ ಬಂದಿರುತ್ತದೆ. 1970ರ ದಶಕದಲ್ಲಿ ‘ಡಂಜನ್ಸ್ ಆ್ಯಂಡ್ ಡ್ರಾಗನ್ಸ್’ ಆಟ ಸತ್ತರೂ ಸಾಯದ ಮಾಂತ್ರಿಕರಿಗೆ ಲಿಚ್ ಎಂದು ಹೆಸರಿಟ್ಟಿತು. ಆಯ್ಕೆ ಸರಿಯಾಗಿಯೇ ಇದೆ.

ಪದ ಮರೆತುಹೋದ ಮೇಲೆ ಜನ ಅದನ್ನು ಇಲ್ಲದ ಕಡೆಯೂ ಕಾಣತೊಡಗುತ್ತಾರೆ. ಸ್ಟ್ಯಾಫರ್ಡ್‌ಷೈರಿನ ಲಿಚ್‌ಫೀಲ್ಡ್ ‘ಹೆಣಗಳ ಬಯಲು’ ಎಂದು ಬಗೆದು, ಅಲ್ಲಿ ಕ್ರೈಸ್ತ ಹುತಾತ್ಮರ ಕೊಲೆ ನಡೆದಿತ್ತೆಂದು ಕಥೆ ಕಟ್ಟಿದರು. ಅಸಲಿಗೆ ಆ ಹೆಸರು ರೋಮನ್ನರ ಕಾಲದ ಲೆಟೊಸೆಟಮ್‌ನಿಂದ ಬಂದದ್ದು. ಸೆಲ್ಟಿಕ್ ಮೂಲದ ಅದರ ಅರ್ಥ ಬೂದುಬಣ್ಣದ ಕಾಡು. ಊರಿನವರು ಮಾತ್ರ ಹುತಾತ್ಮರ ಹೆಣಗಳನ್ನು ನಗರದ ಮುದ್ರೆಯಲ್ಲೇ ಕೆತ್ತಿಸಿಬಿಟ್ಟರು.